ಉಪದೇಶದ ತರಗತಿಗೆ ಬಂದ ರಸಾಯನ

ಕಸ ಗುಡಿಸುವ ಆಯಾಳ ಮಗಳು ಅದೇ ಸ್ಕೂಲಲ್ಲಿ ಧರ್ಮದ ಉಪದೇಶ ಹೇಳುವುದು ಯಾವ ಕಾಲಕ್ಕೂ ಆಗದ ಕೆಲಸ ಅಂದವರು ನನ್ನ ದೊಡ್ಡಪ್ಪ. ಬೇರೆ ಯಾರಾದರೂ ಅಂದಿದ್ದರೆ ಮರೆತುಬಿಡುತ್ತಿದ್ದೆ. ಆದರೆ ದೊಡ್ಡಪ್ಪ ನಂಜನಗೂಡಿನ ನಮ್ಮ ಚರ್ಚಿನ ಉಪದೇಶಿ. ಮೂವತ್ತು ವರ್ಷ ಕಥೋಲಿಕ ಮಕ್ಕಳಿಗೆ ಪ್ರಾರ್ಥನೆ, ದೇವರ ಆಜ್ಞೆ, ಪಾಪನಿವೇದನೆ ಎಲ್ಲ ಹೇಳಿಕೊಟ್ಟವರು. ಅವರಿಗೆ ಓದಲು ಬರುತ್ತಿರಲಿಲ್ಲ. ಹಳೇ ಕಾಲದ ಫಾದರ್ ಒಬ್ಬರಿಂದ ಕಿವಿಯಲ್ಲಿ ಕೇಳಿಯೇ ಕಲಿತದ್ದು, ಒಂದಕ್ಷರ ತಪ್ಪುತ್ತಿರಲಿಲ್ಲ. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರಿಂದ ನಮ್ಮ ಮನೆಯಲ್ಲಿ ಅವರದೇ ಕಡೆಯ ಮಾತು.

ಮುದ್ದೆ ಮುರಿಯುತ್ತಾ ಹೇಳಿದರು.

"ಅಲ್ಲಿ ಲಿಂಗಾಯ್ತರ ಮಕ್ಳವೆ, ಗೌಡ್ರ ಮಕ್ಳವೆ. ಅವ್ರ ಮುಂದೆ ನಿಮ್ಮವ್ವ ಕಸ ಗುಡುಸ್ತಾಳೆ. ಅದೇ ಜಾಗ್ದಲ್ಲಿ ನಿಂತ್ಕಂಡು ನೀನು ದೇವ್ರ ಇಚಾರ ಯೋಳ್ತೀಯಾ? ಯಾರವ್ವ ಕೇಳೋರು? ಆಗಾಕಿಲ್ಲ ಕಣವ್ವ."

ಸಿಟ್ಟಿನಿಂದ ಅಂದದ್ದಲ್ಲ. ಇವತ್ತು ಕರೆಂಟು ಬರುವುದಿಲ್ಲ ಅನ್ನುತ್ತೇವಲ್ಲ, ಹಾಗೆ. ಅವ್ವ ಸಾರು ಬಡಿಸಿದಳು. ನಾನು ಊಟ ಮುಗಿಸಿ ತಟ್ಟೆ ತೊಳೆದಿಟ್ಟೆ.

ನಾನು ನಮ್ಮ ಬೀದಿಯ ಮೊದಲ ಡಿಗ್ರಿ. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ. ಪಿಯುಸಿ ಆದ ಮೇಲೆ ಟಿಸಿಎಚ್ ಮಾಡಿದೆ, ಅವ್ವ ಗುಡಿಸುತ್ತಿದ್ದ ಸಿಸ್ಟರುಗಳ ಸ್ಕೂಲಿಗೇ ಟೀಚರ್ ಆಗಿ ಸೇರಿದೆ, ಆಮೇಲೆ ಅಂಚೆ ಮೂಲಕ ಬಿ.ಎ. ಕಟ್ಟಿ ಪಾಸು ಮಾಡಿದೆ. ಬೆಳಿಗ್ಗೆ ನಾವಿಬ್ಬರೂ ಒಟ್ಟಿಗೇ ಹೋಗುತ್ತಿದ್ದೆವು. ಗೇಟು ದಾಟಿದ ಮೇಲೆ ಅವ್ವ ನನ್ನನ್ನು ಎಲ್ಲರ ಹಾಗೆ "ಮಿಸ್" ಅನ್ನುತ್ತಿದ್ದಳು. ಹಾಗೆ ಅನ್ನಬೇಡ ಅಂತ ನಾನು ಎಂದೂ ಹೇಳಲಿಲ್ಲ. ಯಾಕೆ ಹೇಳಲಿಲ್ಲವೋ ಗೊತ್ತಿಲ್ಲ. ಆ ವರ್ಷಗಳಲ್ಲಿ ಇಂಥ ಎಷ್ಟೋ ವಿಷಯ ನನ್ನ ಮೈಗೆ ತಾಕುತ್ತಲೇ ಇರಲಿಲ್ಲ. ಬೇಡ, ಆಗುವುದಿಲ್ಲ, ನಿನಗಲ್ಲ ಅನ್ನುವ ಮಾತುಗಳನ್ನು ಕೇಳಿ ಕೇಳಿ ಒಳಗೆ ಯಾವುದೋ ಜಾಗ ಮರಗಟ್ಟಿತ್ತು. ಬಿ.ಎ. ಪಾಸಾದ ದಿನ ಬೀದಿಯಲ್ಲೆಲ್ಲ ಸಕ್ಕರೆ ಹಂಚಿದರು. ನಾನು ಒಳಗೆ ಕೂತು ಮಕ್ಕಳ ಕಾಪಿ ಬುಕ್ಕು ತಿದ್ದುತ್ತಿದ್ದೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ ದೊಡ್ಡಪ್ಪನಿಗೆ ಮಂಡಿ ನೋವು ಹೆಚ್ಚಾಗಿ ಸ್ಕೂಲಿಗೆ ಬಂದು ಉಪದೇಶ ಹೇಳುವುದು ಕಷ್ಟವಾಯಿತು. ಹೆಡ್‌ಮಿಸ್ಟ್ರೆಸ್ ಸಿಸ್ಟರ್ ನನ್ನನ್ನು ಕರೆದು, "ಧರ್ಮೋಪದೇಶ, ನೀತಿಪಾಠ ಎರಡನ್ನೂ ನೀವೇ ನೋಡಿಕೊಳ್ಳಿ. ಆದರೆ ಎರಡು ವರ್ಷದ ತರಬೇತಿ ಮುಗಿಸಬೇಕು, ಕೊನೆಗೆ ಪರೀಕ್ಷಕರ ಮುಂದೆ ಒಂದು ಪಾಠ ಮಾಡಬೇಕು. ಸರ್ಟಿಫಿಕೇಟ್ ಬಂದರೆ ಕೆಲಸ ಕಾಯಂ. ಬರದೇ ಇದ್ದರೆ ಬೇರೆಯವರನ್ನ ಹುಡುಕಬೇಕಾಗುತ್ತೆ" ಅಂದರು. ದೊಡ್ಡಪ್ಪ ಮುದ್ದೆ ಮುರಿಯುತ್ತಾ ಆಗಾಕಿಲ್ಲ ಅಂದದ್ದು ಆ ರಾತ್ರಿಯೇ.

ತರಬೇತಿ ಟಿ. ನರಸೀಪುರದಲ್ಲಿ, ಪ್ರತಿ ಶನಿವಾರ. ಮಧ್ಯಾಹ್ನದ ಬಸ್ಸಿನಲ್ಲಿ ತಲಕಾಡಿಗೆ ಹೋಗುವವರ ಬುಟ್ಟಿ, ಗಂಟುಗಳ ನಡುವೆ ನಿಂತೇ ಹೋಗುತ್ತಿದ್ದೆ. ಎರಡು ವರ್ಷದಲ್ಲಿ ಒಂದು ಶನಿವಾರವೂ ತಪ್ಪಿಸಲಿಲ್ಲ.

ಕೆಲಸ ಇಷ್ಟೇ. ವಾರಕ್ಕೆ ಮೂರು ಸಲ, ಪ್ರಾರ್ಥನೆಯ ನಂತರದ ಮೊದಲ ಪೀರಿಯಡ್ಡಿನಲ್ಲಿ ಪ್ರತಿ ತರಗತಿಯೂ ಎರಡಾಗುತ್ತಿತ್ತು. ಕಥೋಲಿಕ ಮಕ್ಕಳು ಉಪದೇಶದ ಪುಸ್ತಕ ಹಿಡಿದು ಕಾನ್ವೆಂಟಿನ ಪಕ್ಕದ ಕೋಣೆಗೆ ಬರುತ್ತಿದ್ದರು. ಮಿಕ್ಕವರು ಕೂತಲ್ಲೇ ನೀತಿಪಾಠ ಕೇಳುತ್ತಿದ್ದರು. ಯಾವ ಟೀಚರಿಗೆ ಯಾವ ಪಾಠ, ಬೆಳಗಿನ ಪ್ರಾರ್ಥನೆ ಯಾರು ಹೇಳಬೇಕು, ಕ್ರಿಸ್‌ಮಸ್ಸಿನ ಗೋದಲಿಗೆ ಹುಲ್ಲು ಯಾರು ತರಬೇಕು, ಎಲ್ಲ ನಾನೇ ಬರೆದು ಹಾಕುತ್ತಿದ್ದೆ. ಬರೆದು ಹಾಕುವುದು ನನಗೆ ಚೆನ್ನಾಗಿ ಬರುತ್ತಿತ್ತು. ಪ್ರಾರ್ಥನೆಯ ವಿಷಯ ಬೇರೆ. ಮಕ್ಕಳಿಗೆ ಹೇಳಿಕೊಡುತ್ತಾ ಹೇಳಿಕೊಡುತ್ತಾ ಅದು ನನ್ನ ಬಾಯಲ್ಲಿ ಮಗ್ಗಿಯಂತಾಗಿಹೋಗಿತ್ತು. ದೊಡ್ಡಪ್ಪ "ನಮೋ ಮರಿಯಾ" ಅನ್ನುವಾಗ ಕಣ್ಣು ಮುಚ್ಚಿ, ಪಕ್ಕದಲ್ಲಿ ಯಾರಿದ್ದಾರೆ ಅನ್ನುವುದನ್ನೇ ಮರೆಯುತ್ತಿದ್ದರು. ನನಗೆ ಏನೂ ಆಗುತ್ತಿರಲಿಲ್ಲ. ಇದನ್ನು ಯಾರಿಗೂ ಹೇಳಲಿಲ್ಲ.

ಎರಡನೇ ವರ್ಷದ ಮಾರ್ಚಿನಲ್ಲಿ ಹನ್ನೊಂದು ಮಕ್ಕಳನ್ನು ಮೊದಲ ಪರಮಪ್ರಸಾದಕ್ಕೆ ಸಿದ್ಧ ಮಾಡುತ್ತಿದ್ದೆ. ಪೂಜೆಯಲ್ಲಿ ಕೊಡುವ ಆ ತೆಳು ಬಿಲ್ಲೆಗೆ ನಾವು ಓಸ್ತಿ ಅನ್ನುತ್ತೇವೆ. ಕಾನ್ವೆಂಟಿನ ಅಡುಗೆಮನೆಯಲ್ಲಿ ಸಿಸ್ಟರುಗಳು ಹಿಟ್ಟು ಕಲಸಿ, ಕಬ್ಬಿಣದ ಅಚ್ಚಿನಲ್ಲಿ ಹಪ್ಪಳದಂತೆ ಸುಟ್ಟು, ದುಂಡಗೆ ಕತ್ತರಿಸುತ್ತಾರೆ. ಕತ್ತರಿಸಿದ ಮೇಲೆ ಅಂಚಿನ ಚೂರುಗಳು ಉಳಿಯುತ್ತವೆ. ಫಾದರ್ ಪೂಜೆಯಲ್ಲಿ ಇಟ್ಟು ಮಂತ್ರಿಸುವ ತನಕ ಅದು ಬರೀ ಹಿಟ್ಟು. ಆ ಚೂರುಗಳನ್ನು ಸ್ಕೂಲಿನ ಮಕ್ಕಳಿಗೆ ಹಂಚುವುದು ಮೊದಲಿಂದ ಬಂದ ರೂಢಿ. ನಾನು ಅದರಲ್ಲೇ ಮಕ್ಕಳಿಗೆ ಅಭ್ಯಾಸ ಮಾಡಿಸುತ್ತಿದ್ದೆ. ಕೈ ಮುಗಿ, ಬಾಯಿ ತೆರೆ, "ಆಮೆನ್" ಅನ್ನು, ಅಗಿಯಬೇಡ.

ಒಂದು ಗುರುವಾರ ಅಭ್ಯಾಸ ಮುಗಿದು ಚೂರು ಮಿಕ್ಕಿತ್ತು. ಕಿಟಕಿಯಲ್ಲಿ ಮೂರನೇ ತರಗತಿಯ ಒಂದು ಹುಡುಗಿ ನಿಂತಿದ್ದಳು. ಲಿಂಗಾಯತರ ಮನೆಯ ಮಗು, ಕೊರಳಲ್ಲಿ ಬೆಳ್ಳಿಯ ಕರಡಿಗೆ.

"ಮಿಸ್, ನಂಗೆ?"

ಕೊಟ್ಟೆ.

"ನಮ್ಮಜ್ಜಿಗೆ?"

ಕೈಯಲ್ಲಿ ಕೊಟ್ಟರೆ ಪುಡಿಯಾಗುತ್ತದೆ ಅಂತ ನನ್ನ ಪಲ್ಯದ ಪುಟ್ಟ ಡಬ್ಬಿಯನ್ನು ಒರೆಸಿ, ಅದರಲ್ಲಿ ಒಂದು ಹಿಡಿ ಹಾಕಿ ಕೊಟ್ಟೆ. ಇದು ಏನು, ಏನಲ್ಲ ಅಂತ ಹೇಳಲಿಲ್ಲ. ನಾನು ಮಾಡಿದ ತಪ್ಪು ಇದೇ. ಮರುದಿನ ಅವಳು ಡಬ್ಬಿ ತರಲಿಲ್ಲ. ನಾನೂ ಕೇಳಲಿಲ್ಲ.

ಪರೀಕ್ಷೆಯ ಪಾಠ ಸೋಮವಾರ ಇತ್ತು. ಮೈಸೂರಿನಿಂದ ಬಂದ ಪರೀಕ್ಷಕ ಫಾದರ್ ಹಿಂದಿನ ಬೆಂಚಿನಲ್ಲಿ ಮಂಡಿ ಮಡಚಿ ಕೂತರು. ಪಕ್ಕದಲ್ಲಿ ಸಿಸ್ಟರ್. ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು ದೊಡ್ಡಪ್ಪ ಕೂತಿದ್ದರು. ಚರ್ಚಿನ ಕಡೆಯಿಂದ ಒಬ್ಬರು ಸಾಕ್ಷಿ ಇರಬೇಕಿತ್ತು, ಅವರನ್ನೇ ಕಳಿಸಿದ್ದರು. ನನ್ನ ಪಾಠ, ಮನೆಯ ರೊಟ್ಟಿಗೂ ಪರಮಪ್ರಸಾದಕ್ಕೂ ಏನು ವ್ಯತ್ಯಾಸ ಅನ್ನುವುದು.

"ಮನೇಲಿ ರೊಟ್ಟಿ ಯಾರು ಮಾಡ್ತಾರೆ?" ಅಂತ ಕೇಳಿದೆ.

"ನಮ್ಮನೇಲಿ ಯಾರೂ ಮಾಡಲ್ಲ ಮಿಸ್, ಮುದ್ದೆನೇ" ಅಂದ ಒಬ್ಬ. ಫಾದರ್ ನಕ್ಕರು. ಪಾಠ ಚೆನ್ನಾಗಿ ಹೋಗುತ್ತಿದೆ ಅಂತ ನನಗೆ ಗೊತ್ತಾಗುತ್ತಿತ್ತು. ಆದರೆ ಬೇರೆ ಯಾರದೋ ಪಾಠ ನೋಡುತ್ತಿರುವ ಹಾಗಿತ್ತು.

ಅಷ್ಟರಲ್ಲಿ ಬಾಗಿಲಿಗೆ ಆ ಹುಡುಗಿಯ ತಾತ ಬಂದರು. ಹಣೆ ತುಂಬ ವಿಭೂತಿ, ಬಿಳೀ ಪಂಚೆ. ಒಂದು ಕೈಯಲ್ಲಿ ನನ್ನ ಪುಟ್ಟ ಡಬ್ಬಿ, ಇನ್ನೊಂದು ಕೈಯಲ್ಲಿ ದೊಡ್ಡ ಸ್ಟೀಲ್ ಡಬ್ಬಿ. ಹಿಂದೆ ಮೊಮ್ಮಗಳು.

"ಮಿಸ್ಸಮ್ಮೋರೆ, ನಮ್ ಮಗೀನ ಕೈಲಿ ನಿಮ್ ದೇವ್ರ ಪ್ರಸಾದ ಕಳಿಸಿದ್ರಲ್ಲ. ಬಂದ ಡಬ್ಬಿನ ಬರೀದು ಕಳ್ಸಾಕಾದಾತಾ? ನಿಮ್ಮುದು ಚಿಕ್ಕುದು, ಇಷ್ಟು ಮಕ್ಳಿಗೆ ಸಾಲಾಕಿಲ್ಲ ಅಂತವ ನಮ್ಮುದ್ರಲ್ಲೇ ತುಂಬ್ಕೊಟ್ಟವ್ಳೆ ನಮ್ಮನೆಯೋಳು. ರಸಬಾಳೆ ರಸಾಯನ. ನಮ್ ತೋಟದ್ದೇ ಅಣ್ಣು."

ಫಾದರ್ ಎದ್ದು ನಿಂತರು. ಮುಖದಲ್ಲಿ ನಗು ಇರಲಿಲ್ಲ.

"ಏನು ಪ್ರಸಾದ? ಈ ಮಗುವಿಗೆ ಏನು ಕೊಟ್ಟಿರಿ ನೀವು?"

"ಚೂರು ಫಾದರ್. ಓಸ್ತಿ ಕತ್ತರಿಸಿದ ಮೇಲೆ ಉಳಿದದ್ದು."

"ಅದು ಏನು ಅಂತ ಮನೆಯವರಿಗೆ ಹೇಳಿ ಕಳಿಸಿದ್ದಿರಾ?"

"ಇಲ್ಲ."

ಸಿಸ್ಟರ್ ಮೆಲ್ಲಗೆ, "ಊರಲ್ಲಿ ಇದು ಬೇರೆ ಥರ ಮಾತಾದರೆ ನಾಳೆ ನಾವೇನು ಹೇಳೋಣ?" ಅಂದರು. ನಾನು ಕೈಯಲ್ಲಿದ್ದ ಚಾಕ್‌ಪೀಸನ್ನು ಮೇಜಿನ ಮೇಲಿಟ್ಟೆ. ಎರಡು ವರ್ಷದ ಶನಿವಾರಗಳು ಹೋದವು ಅಂತ ಮನಸ್ಸು ಹೇಳಿತು. ಹೇಳಿ ಸುಮ್ಮನಾಯಿತು.

ತಾತ ಎಲ್ಲರ ಮುಖ ನೋಡಿದರು. "ತಪ್ಪಾಯ್ತಾ ಮಿಸ್ಸಮ್ಮೋರೆ?"

"ತಪ್ಪು ನಂದು ಯಜಮಾನ್ರೆ. ಅದು ಪ್ರಸಾದ ಅಲ್ಲ. ಪೂಜೆಗೆ ಇಡೋ ಮುಂಚಿನ ಬರೀ ಹಿಟ್ಟಿನ ಚೂರು. ನಾನು ಹೇಳಿ ಕಳಿಸಬೇಕಿತ್ತು."

ಅವರು ಕೈಯಲ್ಲಿದ್ದ ಪುಟ್ಟ ಡಬ್ಬಿಯನ್ನು ನೋಡಿದರು. ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕರು. "ಅಯ್ಯೋ ಶಿವ್ನೆ! ಇವಳಜ್ಜಿ ಅದ್ನ ವಿಭೂತಿ ಪಕ್ಕ ಗೂಡ್ನಲ್ಲಿ ಇಟ್ಟು ನಾಕು ದಿನದಿಂದ ಊದ್ಬತ್ತಿ ಅಚ್ತಾವ್ಳಲ್ಲಪ್ಪ!"

ಮಕ್ಕಳೆಲ್ಲ ಗೊಳ್ಳೆಂದರು. ಫಾದರ್ ನಗಲಿಲ್ಲ. ಬಾಗಿಲ ಕಡೆ ತಿರುಗಿ, "ಉಪದೇಶಿಗಳೇ, ನೀವು ಏನಂತೀರಿ?" ಅಂತ ಕೇಳಿದರು.

ನಾನು ದೊಡ್ಡಪ್ಪನನ್ನು ನೋಡಲಿಲ್ಲ, ಕಪ್ಪು ಹಲಗೆ ನೋಡುತ್ತಿದ್ದೆ. ಒಂದು ಮಾತು ಸಾಕಿತ್ತು ಅವರಿಗೆ. ನಾನು ಅವತ್ತೇ ಹೇಳಿದ್ದೆ ಅಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ದೊಡ್ಡಪ್ಪ ಕುರ್ಚಿಯ ಕೈ ಹಿಡಿದು ಎದ್ದರು. "ಚೂರು ನಾನೂ ಕೊಟ್ಟಿವ್ನಿ ಸ್ವಾಮಿ. ಈ ಸ್ಕೂಲು ಕಟ್ದಾಗ್ಲಿಂದ ಎಲ್ಲಾ ಜಾತಿ ಮಕ್ಳೂ ತಿಂದವೆ. ಯಾರ ಮನೆಗೂ ಯೋಳಿ ಕಳಿಸ್ನಿಲ್ಲ. ನಮ್ಮುಡ್ಗಿ ತಪ್ಪು ಅಂದ್ರೆ ನಂದೂ ತಪ್ಪೇ." ತಾತನ ಕೈಯಲ್ಲಿದ್ದ ಡಬ್ಬಿಗಳ ಕಡೆ ಕೈ ಮಾಡಿ ಅಂದರು, "ಆದ್ರೆ ಡಬ್ಬಿ ತುಂಬ್ಕಂಡು ವಾಪಸ್ ಬಂದಿದ್ದು ಇದೇ ಮೊದ್ಲು."

ಫಾದರ್ ಕೂತರು. ತಾತ ಎರಡು ಡಬ್ಬಿಯನ್ನೂ ನನ್ನ ಮೇಜಿನ ಮೇಲಿಟ್ಟು ದೊಡ್ಡದರ ಮುಚ್ಚಳ ತೆಗೆದರು. ಬಾಳೆಹಣ್ಣು, ಬೆಲ್ಲ, ಏಲಕ್ಕಿಯ ವಾಸನೆ ಕೋಣೆಯೆಲ್ಲ ತುಂಬಿತು.

"ದೇವರಿಗೆ ಎಡೆ ಇಟ್ಟದ್ದೋ?" ಫಾದರ್ ಕೇಳಿದರು.

"ಇಡ್ದೆ ನಮ್ಮನೇಲಿ ಯಾರ್ಗೂ ಕೊಡಾಕಿಲ್ಲ ಸ್ವಾಮಿ."

ಬೇರೆ ದೇವರಿಗೆ ಇಟ್ಟದ್ದನ್ನು ತಿನ್ನಬಾರದು ಅಂತ ಅದೇ ಕೋಣೆಯಲ್ಲಿ ಮೂವತ್ತು ವರ್ಷ ಹೇಳಿದವರು ದೊಡ್ಡಪ್ಪ. ಅವರು ಹೇಳಿದ್ದನ್ನು ನಾನೂ ಹೇಳಿಕೊಟ್ಟಿದ್ದೆ. ಮುಂದಿನ ಸಾಲಿನ ಹುಡುಗ ಕೈ ಎತ್ತಿದ. ಎಲ್ಲ ಪ್ರಶ್ನೆಗೂ ಮೊದಲು ಕೈ ಎತ್ತುವವನು.

"ಮಿಸ್, ನಾವು ತಿನ್ಬೋದಾ?"

ಬಿಟ್ಟ ಕಣ್ಣು ಬಿಟ್ಟ ಹಾಗೇ ನೋಡುತ್ತಿದ್ದ ತಾತ, ಪುಸ್ತಕದಲ್ಲಿ ಪೆನ್ನು ಇಟ್ಟುಕೊಂಡ ಫಾದರ್, ಬಾಗಿಲಲ್ಲಿ ದೊಡ್ಡಪ್ಪ, ಅವರ ಹಿಂದೆ ಪೊರಕೆ ಹಿಡಿದು ನಿಂತಿದ್ದ ಅವ್ವ. ಎರಡು ವರ್ಷದ ತರಬೇತಿಯಲ್ಲಿ ಇದಕ್ಕೆ ಉತ್ತರ ಬರೆಸಿರಲಿಲ್ಲ. ನಾನು ಯೋಚಿಸಿದೆ ಅಂದರೆ ಸುಳ್ಳು. ಒಂದು ವಿಷಯ ಮಾತ್ರ ಕಣ್ಣಿಗೆ ಕಾಣುತ್ತಿತ್ತು. ನಮ್ಮ ಮನೆಯ ಪಲ್ಯದ ಡಬ್ಬಿ ಅವರ ಮನೆಯ ದೇವರ ಗೂಡಿನವರೆಗೆ ಹೋಗಿ ಬಂದು ನನ್ನ ಮೇಜಿನ ಮೇಲೆ ಕೂತಿತ್ತು. ನಮ್ಮ ಬೀದಿಯ ಪಾತ್ರೆ ಅಂಥ ಮನೆಯ ಹೊಸಿಲು ದಾಟಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

"ನಮ್ಮ ಸ್ಕೂಲಿನ ಮಗುವಿನ ಮನೆಯಿಂದ ಬಂದಿದೆ" ಅಂದೆ. "ಎಲ್ಲರೂ ಕೈ ತೊಳಕೊಂಡು ಬನ್ನಿ."

ಮಕ್ಕಳು ನಲ್ಲಿಗೆ ಓಡಿದರು. ಒಬ್ಬಳು ಮಾತ್ರ ಅಲ್ಲೇ ನಿಂತು, "ಮಿಸ್, ನಾನು ತಪಸ್ಸುಕಾಲಕ್ಕೆ ಅಂತ ಈಸ್ಟರ್ ತನಕ ಸೀ ಬಿಟ್ಟಿದೀನಿ, ಅಣ್ಣು ಸೀನಾ?" ಅಂದಳು. ನಾಳೆಯಿಂದ ಬಿಡು ಅಂದೆ.

ಅಂಗೈಗೆ ಒಂದೊಂದು ಚಮಚ ಹಾಕಿದೆ. ನಾನೂ ತಿಂದೆ. ಸಿಸ್ಟರ್ ಒಂದಿಷ್ಟು ನೆಕ್ಕಿದರು. ಫಾದರ್ ಕೈ ಚಾಚಿ ಹಾಕಿಸಿಕೊಂಡರು, ತಿಂದರು, ಕರ್ಚೀಫಿನಲ್ಲಿ ಬೆರಳು ಒರೆಸಿ ಪುಸ್ತಕದಲ್ಲಿ ಏನೋ ಬರೆದರು. ದೊಡ್ಡಪ್ಪನ ಹತ್ತಿರ ಚಮಚ ಒಯ್ದಾಗ ಅವರು, "ನಂಗೆ ಸಕ್ರೆ ಕಾಯ್ಲೆ" ಅಂದರು. ಅವರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ.

ಫಾದರ್ "ಬರ್ತೀನಿ" ಅಂತಷ್ಟೇ ಹೇಳಿ ಹೋದರು. ತಾತ ಇನ್ನೂ ಒಂದಿಷ್ಟು ಮಿಕ್ಕಿದೆ, ಆಮೇಲೆ ಡಬ್ಬಿ ಕಳಿಸಿ ಅಂದರು. ಅವ್ವ ನೆಲದ ಮೇಲೆ ಚೆಲ್ಲಿದ್ದನ್ನು ಇರುವೆ ಮುತ್ತುವ ಮುಂಚೆ ಒರೆಸಿದಳು.

ಅವರ ಡಬ್ಬಿ ನಮ್ಮ ಮನೆಗೆ ಬಂತು. ಅವ್ವ ತೊಳೆದು, ಬಿಸಿಲಿಗಿಟ್ಟು, ಶೆಲ್ಫಿನಲ್ಲಿ ಬೋರಲು ಹಾಕಿದಳು. ಖಾಲಿ ಕಳಿಸುವ ಹಾಗಿರಲಿಲ್ಲ. ಏನು ತುಂಬಿ ಕಳಿಸುವುದು? ನಮ್ಮ ಒಲೆಯ ಮೇಲೆ ಆದದ್ದನ್ನು ಅವರು ತಿನ್ನುತ್ತಾರಾ? ಅಷ್ಟರಲ್ಲಿ ಬೇಸಿಗೆ ರಜ ಬಂತು. ಹನ್ನೊಂದು ಮಕ್ಕಳು ಬಿಳೀ ಬಟ್ಟೆ ಹಾಕಿಕೊಂಡು ಮೊದಲ ಪರಮಪ್ರಸಾದ ತೆಗೆದುಕೊಂಡರು, ಯಾರೂ ಅಗಿಯಲಿಲ್ಲ. ನನ್ನ ಫಲಿತಾಂಶದ ಸುದ್ದಿ ಇರಲಿಲ್ಲ. ಬೆಳಿಗ್ಗೆ ಎದ್ದರೆ ಆ ಡಬ್ಬಿ ಕಾಣುತ್ತಿತ್ತು. ನೋಡಿ ನೋಡಿ ಅದೂ ಗೋಡೆಯಂತೆ ಆಯಿತು.

ಮೇ ಕೊನೆಯಲ್ಲಿ ಕಾಗದ ಬಂತು. ಟಿ. ನರಸೀಪುರದ ಅದೇ ಹಾಲಿಗೆ ಬರಬೇಕು ಅಂತ ಇತ್ತು. ಪಾಸಾದೆನೋ ಇಲ್ಲವೋ ಅದರಲ್ಲಿ ಬರೆದಿರಲಿಲ್ಲ. ಅವ್ವ ರೇಷ್ಮೆ ಸೀರೆ ಉಟ್ಟಳು. ದೊಡ್ಡಪ್ಪ ಮಂಡಿಗೆ ಬಟ್ಟೆ ಸುತ್ತಿಕೊಂಡು, ಕರೆಯದಿದ್ದರೂ ಬಸ್ ಹತ್ತಿದರು. ಎರಡು ವರ್ಷದಲ್ಲಿ ಮೊದಲ ಸಲ ಆ ಬಸ್ಸಿನಲ್ಲಿ ನನಗೆ ಸೀಟು ಸಿಕ್ಕಿತು.

ಪರೀಕ್ಷಕ ಫಾದರೇ ಕೊಡುತ್ತಿದ್ದರು. ನನ್ನ ಹೆಸರು ಕರೆದರು. ಹೋದೆ. ದಪ್ಪ ಕಾಗದ, ಕೆಳಗೆ ಕೆಂಪು ಮೊಹರು. ಕೈಗೆ ಕೊಡುತ್ತಾ, "ಇವತ್ತು ರಸಾಯನ ಇಲ್ಲವೇನಮ್ಮಾ?" ಅಂದರು. ಸುತ್ತಲಿನವರಿಗೆ ಅರ್ಥವಾಗಲಿಲ್ಲ. ನಾನು "ಇಲ್ಲ ಫಾದರ್" ಅಂದೆ. ಚಪ್ಪಾಳೆ ಆಯಿತು. ಖುಷಿಯಾಗಬೇಕು ಅಂತ ಗೊತ್ತಿತ್ತು. ಕಾಲು ಮರಗಟ್ಟಿದಾಗ ಚಿವುಟಿ ನೋಡಿಕೊಳ್ಳುತ್ತೇವಲ್ಲ, ಹಾಗೆ ಆ ಕಾಗದದ ಅಂಚನ್ನು ಹೆಬ್ಬೆರಳಿನಿಂದ ಒತ್ತಿಕೊಂಡೆ.

ಕೆಳಗೆ ಬಂದಾಗ ದೊಡ್ಡಪ್ಪ ಕೈ ಚಾಚಿದರು. ಕೊಟ್ಟೆ. ಅವರು ಅದನ್ನು ಓದಲಾರರು. ಮೊಹರಿನ ಮೇಲೆ ಬೆರಳಾಡಿಸಿದರು, ಮೊಣಕೈ ಮೇಲೆ ಮಲಗಿಸಿಕೊಂಡು ಹೆಗಲ ಟವೆಲಿನಿಂದ ಧೂಳಿಲ್ಲದಿದ್ದರೂ ಒರೆಸಿದರು, ಅವ್ವನಿಗೆ ಕೊಟ್ಟರು. ಆಮೇಲೆ ನನ್ನ ಕಡೆ ನೋಡದೆ, ಬಸ್‌ಸ್ಟ್ಯಾಂಡಿನ ದಿಕ್ಕಿಗೆ ನೋಡುತ್ತಾ ಅಂದರು.

"ಜೂನ್ ಬತ್ತಾ ಅದೆ. ಆ ಯಜಮಾನ್ರ ಡಬ್ಬಿ ಇನ್ನೂ ನಮ್ಮನೇಲೇ ಅದೆ ಕಣವ್ವ. ನಿಮ್ಮವ್ವನ ಕೈಲಿ ರವೆ ಉಂಡೆ ಮಾಡ್ಸಿ ತುಂಬು. ನಾನೇ ತಕಂಡೋಗಿ ಕೊಟ್ಟು ಬತ್ತೀನಿ. ತಿಂತಾರೋ ಬುಡ್ತಾರೋ ಅದು ಅವ್ರಿಗೆ ಬುಟ್ಟಿದ್ದು. ಉಪದೇಸದ ಮಿಸ್ಸು ಕಳಿಸವ್ಳೆ ಅಂತ ಯೋಳ್ತೀನಿ."