ಕೊಳವೆ ಬಿಟ್ಟ ರಕ್ತ

ನಮ್ಮಮ್ಮ ಅಸುವಾ ಊರಿನ ಸಂತೆಬೀದಿಯಲ್ಲಿ ಹಂದಿರಕ್ತ ತುಂಬಿದ ಕರುಳು ಕರಿದು ಮಾರಿ ನಮ್ಮಿಬ್ಬರನ್ನು ಸಾಕಿದಳು. ಅದನ್ನು ತಿಂದೇ ಬೆಳೆದವಳು ನನ್ನ ತಂಗಿ ದುಲ್ಸಿದಿಯಾ. ಗಂಡ ಬಿಟ್ಟುಹೋದ ಮೇಲೆ ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಥದ ಸಭೆಗೆ ಸೇರಿದಳು. ಒಂದು ದಿನ ಬಾಣಲೆಯ ಮುಂದೆ ನಿಂತು, "ಅಮ್ಮ, ರಕ್ತ ದೇವರದ್ದು. ಇನ್ನು ನಾನು ತಿನ್ನಲ್ಲ" ಅಂದಳು.

"ಹೌದೇನೇ? ನಿನ್ನ ಹಲ್ಲು ಮೂಡಿದ್ದು ಯಾವುದರಿಂದ?" ಅಂತ ಅಮ್ಮ ಸೌಟು ಎತ್ತಿದಳು.

ದುಲ್ಸಿ ನಕ್ಕಳು. ನಗುತ್ತಲೇ ಹಟ ಹಿಡಿಯುವ ಜಾತಿ ಅವಳದು. ಬೆಳಿಗ್ಗೆ ಶಾಲೆಮಕ್ಕಳ ನೀಲಿ ಅಂಗಿ ಹೊಲಿದು, ಸಂಜೆ ಛತ್ರಿ ಹಿಡಿದು ಸಭೆಯ ಮಾತು ಸಾರಲು ಮನೆಮನೆಯ ಬಾಗಿಲು ತಟ್ಟುತ್ತಿದ್ದಳು. ನನ್ನ ಪಂಚರ್ ಅಂಗಡಿಯ ಗಿರಾಕಿಗಳನ್ನೂ ಬಿಡುತ್ತಿರಲಿಲ್ಲ. ಚಕ್ರ ಬಿಚ್ಚಿಟ್ಟವನು ಎಲ್ಲಿಗೆ ಓಡಿಯಾನು?

ಆಮೇಲೆ ಅವಳ ಗರ್ಭಕೋಶದಲ್ಲಿ ಗಡ್ಡೆ ಬೆಳೆಯಿತು. ಹೊಲಿಯಲು ಕೂತರೆ ಕುರ್ಚಿಯೆಲ್ಲ ರಕ್ತದಲ್ಲಿ ಒದ್ದೆ. ನಮ್ಮಲ್ಲಿ ಆಪರೇಷನ್ ಅಂದರೆ ರಕ್ತ ಕೊಡುವವರನ್ನು ಮನೆಯವರೇ ಕರೆತರಬೇಕು. ನಾನು ಬೀದಿಯ ಗಂಡಸರನ್ನೆಲ್ಲ ಒಪ್ಪಿಸಿದ್ದೆ. ಆದರೆ ಇನ್ನೊಬ್ಬರ ರಕ್ತ ಮೈಗೆ ಏರಿಸಿಕೊಳ್ಳುವುದೂ ಅವಳ ಸಭೆಯಲ್ಲಿ ನಿಷಿದ್ಧ. "ಅವರ ರಕ್ತದಲ್ಲಿ ಬರೀ ರಮ್ ಇದೆಯಲ್ಲೋ ಅಣ್ಣ" ಅಂದಳು, ಅಷ್ಟೇ.

ಬೇರೆಯವರ ರಕ್ತವಿಲ್ಲದೆ ಕೊಯ್ಯುವ ಡಾಕ್ಟರ್ ಪೆಗೇರೊ ರಾಜಧಾನಿಯಲ್ಲಿ ಸಿಕ್ಕಿದರು. ತಿಂಗಳುಗಟ್ಟಲೆ ಸೂಜಿಮದ್ದು ಕೊಟ್ಟು ಅವಳ ಮೈಯಲ್ಲೇ ರಕ್ತ ಹೆಚ್ಚುವಂತೆ ಮಾಡಿದರು. ಕೊಯ್ಯುವ ಮುಂಚೆ ಅವಳದೇ ರಕ್ತ ಸ್ವಲ್ಪ ಚೀಲಕ್ಕೆ ಇಳಿಸಿ, ಕೊನೆಗೆ ಅವಳಿಗೇ ಹರಿಸುವುದು ಅವರ ಉಪಾಯ. ಅದನ್ನು ಒಪ್ಪುವುದು ಬಿಡುವುದು ಸಭೆಯಲ್ಲಿ ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದಂತೆ. ದುಲ್ಸಿ ಒಪ್ಪಿದಳು, ಒಂದು ಷರತ್ತು ಹಾಕಿ: "ಚೀಲದ ಕೊಳವೆ ನನ್ನ ತೋಳು ಬಿಡಬಾರದು. ಬಿಡದಿದ್ದರೆ ಅದು ನನ್ನ ಮೈ. ಬಿಟ್ಟರೆ ಚೆಲ್ಲಿದ ರಕ್ತ, ಅದು ದೇವರದ್ದು."

ಸೊಂಟದ ಕೆಳಗೆ ಮರಗಟ್ಟಿಸಿ ಶುರುಮಾಡಿದರು. ಗಡ್ಡೆ ಅಂದುಕೊಂಡದ್ದಕ್ಕಿಂತ ದೊಡ್ಡದಿತ್ತು, ರಕ್ತ ನಿಲ್ಲಲಿಲ್ಲ. ಅವಸರದಲ್ಲಿ ಮೇಜು ವಾಲಿಸುವಾಗ ಯಾರದೋ ಕಾಲು ಸಿಕ್ಕಿ ಕೊಳವೆ ಕಳಚಿತು. ಡಾಕ್ಟರು ನನಗೆ ಹಸಿರು ಅಂಗಿ ತೊಡಿಸಿ ಒಳಗೆ ಕರೆಸಿದರು. "ಚೀಲದ ರಕ್ತ ಕೆಟ್ಟಿಲ್ಲ ಕಣಪ್ಪ, ಈಗ ಕೊಟ್ಟರೆ ಉಳೀತಾಳೆ. ನೀನಾದರೂ ಹೇಳು."

ಅವಳ ತುಟಿ ಬೂದಿಬಣ್ಣವಾಗಿತ್ತು.

"ದುಲ್ಸಿ, ಅದು ನಿನ್ನದೇ ರಕ್ತ ಕಣೇ."

"ನನ್ನದಾಗಿತ್ತು."

"ಕಣ್ಣು ಮಿಟುಕಿಸೋದ್ರೊಳಗೆ ಕಳಚಿದ್ದಕ್ಕಾ? ಆ ದೇವರೇನು ಗಡಿಯಾರ ಹಿಡ್ಕೊಂಡು ಕೂತಿದಾನಾ?"

"ಕೂಗಬೇಡ್ವೋ, ಡಾಕ್ಟ್ರ ಕೈ ನಡುಗುತ್ತೆ" ಅಂದಳು. ಆಮೇಲೆ ಅವರ ಕಡೆ ತಿರುಗಿ, "ನೆಲಕ್ಕೆ ಚೆಲ್ಲಿಬಿಡಿ, ಡಾಕ್ಟ್ರೇ."

ರಕ್ತನಾಳ ಕಟ್ಟಿ ಹರಿಯುವುದನ್ನು ನಿಲ್ಲಿಸಿದರು. ಆದರೆ ಒಳಗೆ ಉಳಿದದ್ದು ಸಾಲಲಿಲ್ಲ. ಮರುದಿನ ಮಧ್ಯಾಹ್ನ ಹೋದಳು. ಆಸ್ಪತ್ರೆಯವರು ನನ್ನೆದುರೇ, "ರೋಗಿ ಬೇಡ ಅಂದರು, ನಮ್ಮ ತಪ್ಪಿಲ್ಲ" ಅಂದರು. ಆ ಕಾಲು ಯಾರದೆಂದು ಒಬ್ಬರೂ ಬಾಯಿಬಿಡಲಿಲ್ಲ.

ಹೂಳಿದ ದಿನ ಸಭೆಯ ಹಿರಿಯ ಅಬ್ರೇಯು ನನ್ನ ಭುಜದ ಮೇಲೆ ಕೈಯಿಟ್ಟ. ಕೊಡವಿದೆ.

"ಕೊಳವೆ ಕಳಚದೆ ಇದ್ದು ಬದುಕಿದ್ದರೆ, ನಿಮ್ಮ ಲೆಕ್ಕದಲ್ಲಿ ಪಾಪಿಯಾಗ್ತಿದ್ಲಾ?"

"ಇಲ್ಲ ತಮ್ಮ."

"ಕಳಚಿದ ಮೇಲೂ ತಗೊಂಡಿದ್ರೆ?"

"ಅದು ಅವಳ ಮನಸ್ಸಾಕ್ಷಿ. ನಾವು ಯಾರೂ ಅವಳಿಗೆ ಹೀಗೇ ಮಾಡು ಅನ್ನಲಿಲ್ಲ. ಷರತ್ತು ಅವಳದೇ."

ಸುಳ್ಳು ಹೇಳಿದ್ದರೆ ಅಲ್ಲೇ ಕಪಾಳಕ್ಕೆ ಬಾರಿಸುತ್ತಿದ್ದೆ. ನಿಜ ಹೇಳಿಬಿಟ್ಟ.