ಹಿತ್ತಲ ಖೋಲಿಯ ವೈನಿ

ಒಣಸೀಗಡಿಯನ್ನು ಮೆಣಸಿನಕಾಯಿಯ ಜೊತೆ ಹುರಿದರೆ ಏಳುವ ವಾಸನೆ ಒಂದು ಓಣಿಯನ್ನೇ ದಾಟಿ ಹೋಗುತ್ತದೆ. ಕಳೆದ ತಿಂಗಳು ಖಾನಾಪುರದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಯಾರದೋ ಅಡುಗೆಮನೆಯಿಂದ ಆ ವಾಸನೆ ಬಂತು. ಪಕ್ಕದಲ್ಲಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದಳು. ನಮ್ಮದೂ ಮೀನು ಮುಟ್ಟದ ಮನೆಯೇ. ಆದರೂ ಬಂದ ಬಸ್ಸನ್ನು ಬಿಟ್ಟು ಅಲ್ಲೇ ನಿಂತೆ. ಇಪ್ಪತ್ತು ವರ್ಷಕ್ಕೂ ಹಿಂದಿನ ಸಿಟ್ಟು ಮತ್ತೆ ಹೊತ್ತಿಕೊಂಡಿತು. ಅದು ಎಂದೋ ಆರಿದೆ ಅಂದುಕೊಂಡಿದ್ದೆ... ಆರಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸು. ನಾವು ಬೆಳಗಾವಿಯಲ್ಲಿ, ಮೆಡಿಕಲ್ ಕಾಲೇಜಿಗೆ ನಡೆದು ಹೋಗುವಷ್ಟು ದೂರದ ಒಂದು ಬಡಾವಣೆಯಲ್ಲಿದ್ದೆವು. ನಾನು ಬಿ.ಎ. ಮುಗಿಸಿ ಕೆಲಸ ಹುಡುಕುತ್ತಿದ್ದೆ. ಅಪ್ಪ ಮಾಳಿಗೆಯ ಮೇಲೊಂದು ಮನೆ ಎಬ್ಬಿಸಿ, ಮಲೇಷ್ಯಾದಿಂದ ಡಾಕ್ಟರಿಕೆ ಓದಲು ಬಂದಿದ್ದ ನಾಲ್ವರು ಹುಡುಗಿಯರಿಗೆ ಬಾಡಿಗೆ ಕೊಟ್ಟಿದ್ದ. ಹಿತ್ತಲಲ್ಲಿ ತಗಡು ಹೊದಿಸಿದ ಒಂದು ಖೋಲಿಯಿತ್ತು. ಅದರಲ್ಲಿ ಉದ್ಯಮಬಾಗದ ಫೌಂಡ್ರಿಯಲ್ಲಿ ಎರಕಕ್ಕೆ ಮರಳಿನ ಅಚ್ಚು ಕಟ್ಟುವ ಒಬ್ಬರಿದ್ದರು. ಅಪ್ಪನ ಊರಿನವರೇ, ಖಾನಾಪುರದ ಕಡೆಯವರು. ಒಡಹುಟ್ಟಿದವರಲ್ಲದಿದ್ದರೂ ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಅವರ ಹೆಂಡತಿ ನನಗೆ ವೈನಿ, ಅಂದರೆ ಅತ್ತಿಗೆ.

ಅಣ್ಣ ನಾಲ್ಕು ವರ್ಷ ಮಲೇಷ್ಯಾದ ಒಂದು ಫೌಂಡ್ರಿಯಲ್ಲಿ ದುಡಿದು ಬಂದವರು. ವೈನಿ ಮಲೇಷ್ಯಾದವಳಲ್ಲ, ಇಂಡೋನೇಷ್ಯಾದ ಯಾವುದೋ ದ್ವೀಪದವಳು. ಅವಳೂ ಅಣ್ಣನ ಹಾಗೆಯೇ ಹೊಟ್ಟೆಪಾಡಿಗೆ ಅಲ್ಲಿಗೆ ಹೋಗಿ, ರಬ್ಬರ್ ಕೈಗವಸು ಮಾಡುವ ಕಾರ್ಖಾನೆಯಲ್ಲಿದ್ದಳು. ಕೈಗವಸಿಗೆ ಗಾಳಿ ತುಂಬಿ ತೂತಿದೆಯೋ ಇಲ್ಲವೋ ನೋಡುವುದು ಅವಳ ಕೆಲಸ. ಒಂದೇ ಕೋಣೆಯಲ್ಲಿ ಹನ್ನೆರಡು ಹೆಂಗಸರು, ಪಾಳಿಯ ಪ್ರಕಾರ ನಿದ್ದೆ, ಪಾಸ್‌ಪೋರ್ಟ್ ಮಾಲೀಕನ ಕಪಾಟಿನಲ್ಲಿ. ಇಬ್ಬರಿಗೂ ಅಲ್ಲಿ ಮದುವೆಯಾಗುವ ಹಕ್ಕಿರಲಿಲ್ಲ. ಕೂಲಿಯವರಿಗೆ ಕೆಲಸದ ಪರವಾನಗಿ ಮಾತ್ರ, ಸಂಸಾರದ ಪರವಾನಗಿ ಇಲ್ಲ. ಹಾಗಾಗಿ ಕರಾರು ಮುಗಿದು ಅವಳ ಪಾಸ್‌ಪೋರ್ಟ್ ಕೈಗೆ ಬಂದೊಡನೆ, ಪ್ರವಾಸಿಯ ವೀಸಾದ ಮೇಲೆ ಅವಳನ್ನು ಕರೆದುಕೊಂಡು ಅಣ್ಣ ಊರಿಗೆ ಬಂದರು.

ಮದುವೆ ಅಣ್ಣನ ಊರಲ್ಲಿ, ಮನೆಯ ಅಂಗಳದಲ್ಲೇ ಆಯಿತು. ನಮ್ಮ ಕಡೆ ಸೊಸೆಗೆ ಹೊಸ ಹೆಸರಿಡುವ ಪದ್ಧತಿ ಇದೆ. ತಾಟಿನಲ್ಲಿ ಅಕ್ಕಿ ಹರವಿ, ಮದುಮಗ ಉಂಗುರದ ಅಂಚಿನಿಂದ ಅದರಲ್ಲಿ ಹೆಸರು ಬರೆಯುತ್ತಾನೆ. ಅಂದಿನಿಂದ ತವರಿನ ಹೆಸರು ತವರಿಗೆ. ಅಣ್ಣನ ತಾಯಿ ಮೊದಲು ಈ ಮದುವೆಗೆ ಒಪ್ಪಿರಲಿಲ್ಲ. ಒಪ್ಪಿದ ಮೇಲೆ ಮಾತ್ರ ಪೂರ್ತಿ ಒಪ್ಪಿದರು. ಮೂರು ದಿನ ಯೋಚಿಸಿ ತಾವೇ ಹೆಸರು ಆರಿಸಿದರು. ತಾಟು ಹಿಡಿದವಳು ನಮ್ಮವ್ವ. ಹೆಸರು ಬರೆದಾದ ಮೇಲೆ ವೈನಿ ಅದನ್ನು ಮೆಲ್ಲಗೆ ಎರಡು ಸಲ ಹೇಳಿಕೊಂಡಳು. ಸುತ್ತ ನಿಂತವರೆಲ್ಲ ನಕ್ಕರು, ಅವಳೂ ನಕ್ಕಳು. ಅವಳ ಮೊದಲಿನ ಹೆಸರನ್ನಾಗಲಿ ಆ ಹೊಸ ಹೆಸರನ್ನಾಗಲಿ ನಾನು ಇಲ್ಲಿ ಬರೆಯುವುದಿಲ್ಲ. ಯಾಕೆಂದು ಓದುವವರಿಗೆ ಮುಂದೆ ತಿಳಿಯುತ್ತದೆ.

ಮದುವೆಯಾದ ಮರುತಿಂಗಳು ರೇಷನ್ ಕಾರ್ಡಿಗೆ ಸೊಸೆಯನ್ನು ಸೇರಿಸುವ ಅರ್ಜಿ ನನ್ನ ಕೈಗೆ ಬಂತು. ನಾನು ಓದಿದವಳು, ಅಕ್ಷರ ದುಂಡಗಿದ್ದವು, ಅದರ ಬಗ್ಗೆ ಜಂಬವೂ ಇತ್ತು. ಹೆಸರಿನ ಕಾಲಮ್ಮಿನಲ್ಲಿ ಅಕ್ಕಿಯಲ್ಲಿ ಬರೆದ ಹೆಸರನ್ನೇ ಬರೆದೆ. ಹುಟ್ಟಿದ ಸ್ಥಳ ಎಂಬಲ್ಲಿ ಪೆನ್ನು ನಿಂತಿತು. ಅಣ್ಣನ ತಾಯಿಯನ್ನು ಕೇಳಿದೆ.

“ಖಾನಾಪುರ ತಾಲೂಕ ಅಂತನ ಬರಿ. ಸೊಸಿ ಆದಮ್ಯಾಲೆ ಇನ್ನ ಬ್ಯಾರೆ ಊರು ಯಾವುದದ ಆಕೀಗೆ?” ಎಂದರು.

ಆ ಮಾತು ನನಗೆ ಎಷ್ಟು ಇಷ್ಟವಾಯಿತೆಂದರೆ, ಮೇಲಿನ ಸಾಲುಗಳಲ್ಲಿ ಮನೆಯವರಿಗೆಲ್ಲ ಬರೆದಿದ್ದ ಖಾನಾಪುರ ತಾಲೂಕೇ ಇವಳಿಗೂ ಎಂದು ಎರಡು ಸಣ್ಣ ಗೀಟು ಎಳೆದುಬಿಟ್ಟೆ. ಪ್ರೀತಿಯಿಂದಲೇ ಎಳೆದೆ. ಆ ಎರಡು ಗೀಟುಗಳನ್ನು ನೆನೆದರೆ ಇವತ್ತಿಗೂ ನನ್ನ ಕೈ ನನಗೇ ಬೇಡವೆನಿಸುತ್ತದೆ.

ಮೇಲಿನ ಮನೆಯ ಹುಡುಗಿಯರಿಗೂ ವೈನಿಗೂ ಮಾತು ಹೊಂದಿಕೊಂಡದ್ದು ಒಂದೇ ದಿನದಲ್ಲಿ. ಎರಡು ದೇಶದ ಭಾಷೆಯೂ ಹೆಚ್ಚುಕಡಿಮೆ ಒಂದೇ. ಮೊದಲ ದಿನ ಮೆಟ್ಟಿಲ ಮೇಲೆ ಕೂತು ಐವರೂ ಹರಟೆ ಹೊಡೆದದ್ದು ಕಂಡು ನಮಗೆ ಸಂತೋಷವಾಗಿತ್ತು. ಪಾಪ, ತನ್ನವರು ಸಿಕ್ಕರು ಎಂದಳು ಅವ್ವ. ವೈನಿ ಇಂಡೋನೇಷ್ಯಾದವಳು, ಕಾರ್ಖಾನೆಯಲ್ಲಿದ್ದವಳು ಎಂದು ಗೊತ್ತಾದ ಮೇಲೆ ಹರಟೆಯ ದನಿ ಬದಲಾಯಿತು. ಬೈಯಲಿಲ್ಲ, ಅವಮಾನ ಮಾಡಲಿಲ್ಲ, ಹೇಳುವ ಮಾತು ಹೇಳಿ ಮಾಡಿಸುವ ಮಾತಾಯಿತು, ಅಷ್ಟೇ. ವಾರದೊಳಗೆ ವೈನಿ ಅವರ ಅಡುಗೆಯವಳಾಗಿದ್ದಳು. ತಮ್ಮ ಮನೆಯಲ್ಲೂ ಇಂಡೋನೇಷ್ಯಾದ ಒಬ್ಬಳಿದ್ದಾಳೆ, ತನ್ನನ್ನು ಎತ್ತಿ ಆಡಿಸಿದವಳೇ ಅವಳು ಎಂದು ಅವರಲ್ಲಿ ಒಬ್ಬಳು ನನ್ನ ಹತ್ತಿರ ಪ್ರೀತಿಯಿಂದಲೇ ಹೇಳಿದಳು. ಅವಳು ಎಲ್ಲಿ ಮಲಗುತ್ತಾಳೆ ಎಂದು ಕೇಳಿದೆ. ಅಡುಗೆಮನೆಯ ಹಿಂದೆ ಎಂದಳು. ನಾನು ನಮ್ಮ ಹಿತ್ತಲ ಕಡೆ ನೋಡಲಿಲ್ಲ.

ಒಂದೇ ಕಂಪೌಂಡು, ಒಂದೇ ಭಾಷೆ, ಎರಡೂ ಕಡೆಯವರು ಹೊರದೇಶದವರು. ಮೇಲೆ ಅವರ ಸರ್ಕಾರದ ಸ್ಕಾಲರ್‌ಶಿಪ್ಪು, ಗೀಸರು, ನೀರು ನಿಂತರೆ ಟ್ಯಾಂಕರು, ಕಾಲೇಜಿಗೆ ಬಿಡಲು ಗೊತ್ತುಮಾಡಿದ ಆಟೋ. ಕೆಳಗೆ ತಗಡಿನ ಸೂರು, ನಲ್ಲಿಯಿಂದ ಹೊತ್ತು ತರುವ ಎರಡು ಕೊಡ ನೀರು. ಮೇಲಿಂದ ಸೀಗಡಿಯ ವಾಸನೆ ಬಂದರೆ ಅದು ಅವರ ಪದ್ಧತಿ. ದುಪ್ಪಟ್ಟು ಬಾಡಿಗೆ ಕೊಡುವವರ ಪದ್ಧತಿಗೆ ಅಪ್ಪನ ಮೂಗು ಬೇಗ ಒಗ್ಗಿತು. ಅದೇ ವಾಸನೆ ಹಿತ್ತಲಿಂದ ಬಂದರೆ ಅದು ಗಬ್ಬು ನಾತ. ವೈನಿ ತನ್ನ ಒಲೆಯ ಮೇಲೆ ಅದನ್ನು ಹುರಿಯಬಾರದು ಎಂದು ಅಪ್ಪ ಕಟ್ಟಪ್ಪಣೆ ಮಾಡಿದ. ಮೇಲೆ ಹೋಗಿ ಅದೇ ಸೀಗಡಿಯನ್ನು ಅದೇ ಕೈಯಿಂದ ಹುರಿಯಬಹುದು. ಅವರು ಅಡುಗೆಗೆಂದು ಕೊಡುವ ದುಡ್ಡು ಬಾಡಿಗೆಯ ಜೊತೆ ಅಪ್ಪನ ಕೈ ಸೇರುತ್ತಿತ್ತು, ವೈನಿಗೆ ಖೋಲಿಯ ಬಾಡಿಗೆ ಮಾಫಿ. ಇದು ಉಪಕಾರ ಎಂದೇ ಅಪ್ಪ ನಂಬಿದ್ದ. ನಂಬಿದ್ದ ಎನ್ನುವುದೇ ನನಗೆ ಹೆಚ್ಚು ಸಿಟ್ಟು ತರಿಸುವ ಸಂಗತಿ. ಬೇಕಂತಲೇ ಮೋಸ ಮಾಡುವವನ ಜೊತೆ ಜಗಳವನ್ನಾದರೂ ಆಡಬಹುದು.

ಒಮ್ಮೆ ಇದನ್ನು ಅಪ್ಪನ ಮುಖಕ್ಕೇ ಹೇಳಿದೆ. ಅಪ್ಪ ಒಪ್ಪಲಿಲ್ಲ. ಮೇಲಿನ ಹುಡುಗಿಯರು ಪರದೇಶದವರು, ಅತಿಥಿಗಳು, ಚೆನ್ನಾಗಿ ನೋಡಿಕೊಳ್ಳಬೇಕು. ಅವಳು ನಮ್ಮವಳು, ಮನೆಯವಳಿಗೆ ಎಲ್ಲಿಯ ಲೆಕ್ಕ ಎಂದ. ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ವೈನಿ ಆಮೇಲೆ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ನನ್ನ ಹತ್ತಿರ ಮಾತೆತ್ತಿದಳು. ಅಷ್ಟರಲ್ಲಿ ಅವಳಿಗೆ ಅತ್ತೆಯ ಮಾತೇ ನಾಲಿಗೆಗೆ ಹತ್ತಿತ್ತು.

“ಅಲ್ಲೆ ಹೊರಗಿನಾಕಿ ಅಂತ ಕಡಿಮಿ ಕೊಟ್ರು. ಇಲ್ಲೆ ಮನ್ಯಾಕಿ ಅಂತ ಕಡಿಮಿ ಕೊಡ್ತೀರಿ. ನಾ ಯಾರಾಕಿ ಆಗಿದ್ರ ಪೂರಾ ಸಿಗತಿತ್ತು?”

ಅವಳು ತಿಕ್ಕಿಟ್ಟ ಪಾತ್ರೆಗಳನ್ನು ನಾನು ತೊಳೆಯತೊಡಗಿದೆ. ಅರ್ಥಶಾಸ್ತ್ರದಲ್ಲಿ ಫಸ್ಟ್ ಕ್ಲಾಸ್ ಬಂದವಳು ನಾನು...

ಆ ವರ್ಷ ವಿದೇಶಿಯರ ನೋಂದಣಿಯ ಕಾಲ ಬಂದಾಗ ಕಾಲೇಜಿನ ಗುಮಾಸ್ತ ಮನೆಗೇ ಬಂದು ಹುಡುಗಿಯರ ಸಹಿ ಮಾಡಿಸಿಕೊಂಡು ಹೋದ. ಅವರು ಒಂದು ದಿನವೂ ಸಾಲಿನಲ್ಲಿ ನಿಲ್ಲಲಿಲ್ಲ. ಹಿತ್ತಲ ಅಕ್ಕನ ಕಾಗದ ಯಾರು ಮಾಡಿಸುತ್ತಾರೆ ಎಂದು ಅವರಲ್ಲೊಬ್ಬಳು ಕೇಳಿದಾಗಲೇ ನಮಗೆ ಎಚ್ಚರವಾದದ್ದು. ಪ್ರವಾಸಿ ವೀಸಾ ಮುಗಿದು ತಿಂಗಳುಗಳಾಗಿದ್ದವು. ತಾಳಿ ಕಟ್ಟಿ ಆಯಿತು, ಕಾರ್ಡಿನಲ್ಲಿ ಹೆಸರು ಬಂತು, ಇನ್ನೇನು ಎಂದು ಅಣ್ಣ ತಿಳಿದಿದ್ದರು. ನಿಜ ಹೇಳಬೇಕೆಂದರೆ ನಾನೂ ಹಾಗೇ ತಿಳಿದಿದ್ದೆ. ಕಾರ್ಡು ಇದೆಯಲ್ಲ, ಒಂದು ದಿನದ ಕೆಲಸ ಎಂದು ಧೈರ್ಯ ಹೇಳಿ, ಇಬ್ಬರನ್ನೂ ಕರೆದುಕೊಂಡು ನಾನೇ ನೋಂದಣಿ ಕಚೇರಿಗೆ ಹೋದೆ.

ಅಧಿಕಾರಿ ಕೆಟ್ಟವರಾಗಿರಲಿಲ್ಲ. ಕುರ್ಚಿ ಕೊಟ್ಟು ಕೂರಿಸಿದರು. ನಾನು ಪಾಸ್‌ಪೋರ್ಟಿನ ಪಕ್ಕದಲ್ಲಿ ರೇಷನ್ ಕಾರ್ಡನ್ನು ಹೆಮ್ಮೆಯಿಂದ ಇಟ್ಟೆ. ಅದರ ಹಿಂದೆ ನನ್ನ ಅರ್ಜಿಯ ನಕಲನ್ನೂ ಪಿನ್ನು ಚುಚ್ಚಿ ಒಪ್ಪವಾಗಿ ಸೇರಿಸಿದ್ದೆ. ಅವರು ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು, ವೈನಿಯ ಮುಖ ನೋಡಿದರು. ಎರಡು ಹೆಸರು, ಎರಡು ಹುಟ್ಟಿದೂರು, ಒಬ್ಬಳೇ ಹೆಂಗಸು. ಇದನ್ನು ಬರೆದವರು ಯಾರು ಎಂದು ಕೇಳಿದರು. ನಾನು ಎಂದೆ. ಮದುವೆಯಲ್ಲಿ ಹೆಸರಿಡುವುದನ್ನು ವಿವರಿಸಿದೆ. ತಮ್ಮ ಹೆಂಡತಿಯ ಹೆಸರನ್ನೂ ಹಾಗೆಯೇ ಬದಲಿಸಿದ್ದಾರೆ, ಆದರೆ ಆಕೆ ಹುಟ್ಟಿದ್ದು ಗೋಕಾಕದಲ್ಲಿ ಎಂದರು.

ಕಾರ್ಡನ್ನು ನನ್ನ ಕಡೆ ಸರಿಸಿ ಹೇಳಿದರು: “ಪರದೇಶದಾಕಿ ಇದ್ದೀನಿ ಅಂತ ಬಂದಿದ್ರ ಒಂದ ಹಾದಿ ಇತ್ತರಿ. ನೀವು ಈ ದೇಶದಾಗ ಹುಟ್ಟಿದಾಕಿ ಅಂತ ಬರದೀರಿ. ಈಗ ಹೆಂಗ ಮಾಡೂದು?”

ವೈನಿಗೆ ಎಲ್ಲ ಅರ್ಥವಾಯಿತು. ಅಣ್ಣ ನೆಲ ನೋಡುತ್ತ ಕುಳಿತರು. ತಪ್ಪು ನನ್ನದು, ಶಿಕ್ಷೆ ನನಗೆ ಕೊಡಿ ಎಂದು ನಾನು ಅತ್ತು ಹೇಳಿದೆನೋ, ಹೇಳಬೇಕೆಂದುಕೊಂಡೆನೋ... ಈಗ ಖಚಿತವಿಲ್ಲ. ಹೇಳಿದ್ದರೂ ಏನೂ ಆಗುತ್ತಿರಲಿಲ್ಲ. ತಾನಾಗಿ ದೇಶ ಬಿಟ್ಟರೆ ಮೊಕದ್ದಮೆ ಹಾಕುವುದಿಲ್ಲ, ಮದುವೆ ನೋಂದಾಯಿಸಿ ಸರಿಯಾದ ವೀಸಾದ ಮೇಲೆ ಮರಳಿ ಬರಬಹುದು ಎಂದರು. ಅವರ ಮಟ್ಟಿಗೆ ಅದೇ ದೊಡ್ಡ ದಯೆ.

ಮನೆಗೆ ಬಂದರೆ ಅಪ್ಪನಿಗೆ ಬೇರೆಯೇ ಚಿಂತೆ. ಪೊಲೀಸರು ಕಂಪೌಂಡಿಗೆ ಬಂದರೆ ಮೇಲಿನವರು ಮನೆ ಬಿಡುತ್ತಾರೆ, ಅವಳು ಹೋಗುವವರೆಗೆ ಊರ ಹೊರಗಿನ ಮಚ್ಛೆಯಲ್ಲಿ ಎಲ್ಲಾದರೂ ಖೋಲಿ ನೋಡಿಕೊಳ್ಳಲಿ ಎಂದ. ಮನೆಯವಳು ಒಂದೇ ಮಧ್ಯಾಹ್ನದಲ್ಲಿ ಹೊರಗಿನವಳಾದಳು. ಮೇಲಿನ ಹುಡುಗಿಯರು ಕೆಳಗಿಳಿದು ಬಂದು ವೈನಿಯ ಕೈ ಹಿಡಿದುಕೊಂಡರು. ತಮ್ಮ ದೇಶದಿಂದಲೂ ಇಂಡೋನೇಷ್ಯಾದವರನ್ನು ಹೀಗೆಯೇ ಕಳಿಸುತ್ತಾರೆ, ಲಾರಿಗಳಲ್ಲಿ ತುಂಬಿ, ಎಂದು ಒಬ್ಬಳು ನನಗೆ ಹೇಳಿದಳು. ದನಿಯಲ್ಲಿ ಕೆಟ್ಟತನವಿರಲಿಲ್ಲ. ಮಳೆ ಬರುತ್ತದೆ ಎನ್ನುವ ಹಾಗೆ ಹೇಳಿದಳು. ಅವಳ ಬೆನ್ನ ಹಿಂದೆ ಒಂದು ಸರ್ಕಾರವಿತ್ತು, ಒಂದು ಕಾಲೇಜಿತ್ತು, ದುಪ್ಪಟ್ಟು ಬಾಡಿಗೆಯಿತ್ತು. ವೈನಿಯ ಬೆನ್ನ ಹಿಂದೆ ನಾವಿದ್ದೆವು. ನಮ್ಮಂಥವರು.

ಮುಂಬಯಿಯ ಬಸ್ಸು ಹತ್ತಿಸಲು ನಾನು, ಅವ್ವ ಹೋಗಿದ್ದೆವು. ಅಣ್ಣ ವಿಮಾನದವರೆಗೆ ಬಿಟ್ಟು ಬರುವವರಿದ್ದರು. ವೈನಿ ಕಿಟಕಿಯ ಪಕ್ಕ ಕುಳಿತು, ಬಸ್ಸು ಹೊರಡುವ ಮೊದಲು ನನ್ನನ್ನು ಹತ್ತಿರ ಕರೆದಳು.

“ಕಾರ್ಡಿನ್ಯಾಗಿಂದ ನನ್ನ ಹೆಸರು ತಗೀಬ್ಯಾಡ್ರಿ. ನಾ ಬರ್ತೀನಿ.”

ತೆಗೆಯುವುದಿಲ್ಲ ಎಂದು ಅವಳ ಕೈ ಮುಟ್ಟಿ ಮಾತು ಕೊಟ್ಟೆ.

ಎರಡು ವರ್ಷ ಪತ್ರಗಳು ಬಂದವು. ಮೇಲಿನ ಹುಡುಗಿಯರು ಓದಿ ಹೇಳುತ್ತಿದ್ದರು. ವೀಸಾಕ್ಕೆ ಓಡಾಡುತ್ತಿದ್ದಾಳೆ, ಇನ್ನೊಂದು ಕಾಗದ ಕೇಳಿದ್ದಾರೆ, ಅದರ ಖರ್ಚಿಗಾಗಿ ಮತ್ತೆ ಕೈಗವಸಿನ ಕಾರ್ಖಾನೆಗೆ ಹೋಗುತ್ತಾಳೆ... ಅಣ್ಣನೂ ಕಚೇರಿ ಕಚೇರಿ ಅಲೆದರು, ಅಚ್ಚಿನ ಮರಳು ಮೆತ್ತಿದ ಕೈಯಲ್ಲೇ. ಆಮೇಲೆ ಪತ್ರ ಬರುವುದು ನಿಂತಿತು. ಅಣ್ಣ ಬರೆದದ್ದಕ್ಕೂ ಉತ್ತರವಿಲ್ಲ. ಹುಡುಗಿಯರು ಡಾಕ್ಟರಾಗಿ ತಮ್ಮ ದೇಶಕ್ಕೆ ಹೋದರು, ಆ ಭಾಷೆ ಓದುವವರೂ ಇಲ್ಲವಾದರು.

ನಾಲ್ಕನೆಯ ವರ್ಷ ಅಣ್ಣನ ತಾಯಿ ಮಗನಿಗೆ ಖಾನಾಪುರ ತಾಲೂಕಿನದೇ ಒಂದು ಹುಡುಗಿಯನ್ನು ತಂದರು. ನಾನು ಮದುವೆಗೆ ಹೋಗಲಿಲ್ಲ. ಅವ್ವ ಹೋಗಿ ಬಂದಳು, ಈ ಸಲವೂ ತಾಟು ಹಿಡಿದಿದ್ದಳು. ಹೊಸ ಸೊಸೆಗೆ ಅಕ್ಕಿಯಲ್ಲಿ ಬರೆಸಿದ್ದು ಅದೇ ಹೆಸರು. ಅದು ಅತ್ತೆಯ ಯೋಚನೆ. ಒಳ್ಳೆಯ ಸುದ್ದಿಯೆಂಬಂತೆ ಅವ್ವ ಹೇಳಿದಳು: “ಛಲೋ ಆತ. ಕಾರ್ಡ ತಿದ್ದಸೂದು ಉಳೀತ.” ನಾನು ಒಂದು ತಿಂಗಳು ಅವ್ವನ ಜೊತೆ ಮಾತಾಡಲಿಲ್ಲ. ಅವಳಿಗೆ ಕೊನೆಯವರೆಗೂ ಕಾರಣ ತಿಳಿಯಲಿಲ್ಲ.

ಈಗ ಅವ್ವ ಇಲ್ಲ, ಅಪ್ಪನೂ ಇಲ್ಲ. ಹಿತ್ತಲ ಖೋಲಿಯನ್ನು ನಾನೇ ಕೆಡವಿಸಿದೆ. ವೈನಿ ಯಾವ ದ್ವೀಪದವಳೆಂದು ನಾನು ಒಮ್ಮೆಯೂ ಸರಿಯಾಗಿ ಕೇಳಿಕೊಂಡಿರಲಿಲ್ಲ. ಬದುಕಿದ್ದಾಳೋ ಇಲ್ಲವೋ, ಯಾರನ್ನು ಕೇಳಲಿ? ಅಣ್ಣನ ಸಂಸಾರ ಮಚ್ಛೆಯಲ್ಲಿದೆ. ಆ ಎರಡನೆಯವಳು ತುಂಬಾ ಒಳ್ಳೆಯ ಹೆಂಗಸು, ಅವಳ ಮೇಲೆ ಸಿಟ್ಟಾಗಲು ನನಗೆ ಯಾವ ಕಾರಣವೂ ಇಲ್ಲ. ಹೋದ ವಾರ ಮನೆಯೊಡತಿಯರಿಗೆ ಸರ್ಕಾರ ಕೊಡುವ ದುಡ್ಡಿಗೆ ಅರ್ಜಿ ತುಂಬಿಸಿಕೊಳ್ಳಲು ಬಂದಿದ್ದಳು. ಹಳೆಯ ಕಾಗದಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ತಂದಿದ್ದಳು. ಅದರಲ್ಲಿ ನನ್ನ ದುಂಡನೆಯ ಅಕ್ಷರದ ಆ ನಕಲೂ ಇತ್ತು. ಹೆಸರು, ಗಂಡನ ಹೆಸರು, ಹುಟ್ಟಿದ ಸ್ಥಳದ ಕೆಳಗೆ ಆ ಎರಡು ಗೀಟು. ತಿದ್ದುವುದು ಏನಾದರೂ ಇದೆಯೇನು ಅಕ್ಕಾ ಎಂದು ಕೇಳಿದಳು. ಮೇಲಿಂದ ಕೆಳಗಿನವರೆಗೆ ಎರಡು ಸಲ ನೋಡಿದೆ. ಇಲ್ಲ, ಎಲ್ಲ ಸರಿಯಾಗಿದೆ ಎಂದೆ.