ನೋಲಾಳ ರೈಫಲ್‌ಗೆ ಐಡೆಲ್ಲಾ ತುಂಬಿದ ತೋಟಾಗಳು

ಮೊಂಟಾನಾದ ಬೆಟ್ಟದ ಬುಡದ ಆ ಊರಿನಲ್ಲಿ ಐಡೆಲ್ಲಾ ಟ್ವೇಟ್ ಚಳಿಗಾಲವಿಡೀ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುತ್ತಿದ್ದಳು. ಬಿಡುವಿನಲ್ಲಿ ಮನೆಮಂದಿಗೆಲ್ಲ ತೋಟಾ ತುಂಬಿಕೊಡುತ್ತಿದ್ದಳು. ಹಾರಿಸಿದ ತೋಟಾಗಳ ಖಾಲಿ ಹಿತ್ತಾಳೆ ಕವಚಗಳನ್ನು ಒರೆಸಿ, ಅಚ್ಚಿನಲ್ಲಿ ಒತ್ತಿ ಅಳತೆಗೆ ತಂದು, ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ತೂಗಿ ಹಾಕಿ, ಗುಂಡು ಸಿಕ್ಕಿಸುವ ಕೆಲಸ. "ನನ್ನ ತೋಟಾ ರೈಫಲ್‌ನಲ್ಲಿ ಎಲ್ಲೂ ತಡೆಯೋದಿಲ್ಲ, ಜಾರಿಕೊಂಡು ಹೋಗಿ ಕೂತ್ಕೊಳ್ಳುತ್ತೆ" ಎನ್ನುವುದು ಅವಳ ಜಂಬ.

ನಂಬದಿದ್ದವಳೆಂದರೆ ಗಂಡನ ತಂಗಿ ನೋಲಾ ಒಬ್ಬಳೇ. "ಅಡುಗೆಮನೆ ಪಕ್ಕದಲ್ಲಿ ತುಂಬಿದ್ದಕ್ಕೆ ನನ್ನ ಮುಖ ಒಪ್ಪಿಸ್ಲಾ?" ಎಂದು ಚುಚ್ಚುತ್ತಿದ್ದಳು. ಅಂಗಡಿಗಳಲ್ಲಿ ತೋಟಾ ಸಿಗದೆ ಹೋದ ವರ್ಷ ಅವಳೂ ಬೇರೆ ದಾರಿಯಿಲ್ಲದೆ ಖಾಲಿ ಕವಚಗಳ ಚೀಲ ಹಿಡಿದು ಬಂದಳು. ಅಂದಿನಿಂದ ಅವೇ ಕವಚಗಳು ಮತ್ತೆ ಮತ್ತೆ ತುಂಬಿಸಿಕೊಂಡು ಹೋಗಿ ಬರುತ್ತಿದ್ದವು.

ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಅನುಮತಿಯಿದ್ದ ಕೊನೆಯ ಶನಿವಾರ. ನೋಲಾ ನಸುಕಿನಲ್ಲೇ ಬೆಟ್ಟ ಹತ್ತಿದ್ದಳು. ಅವಳು ಗುರಿ ಅಭ್ಯಾಸ ಮಾಡಿ ಕೊಟ್ಟುಹೋಗಿದ್ದ ಖಾಲಿ ಕವಚಗಳನ್ನು ಐಡೆಲ್ಲಾ ಕಿಟಕಿಯ ಬಳಿ ಒರೆಸುತ್ತಾ ಕೂತಳು. ಒಂದರ ಬುಡದಿಂದ ಸ್ವಲ್ಪ ಮೇಲೆ, ಸುತ್ತಲೂ ಕೂದಲೆಳೆಯಷ್ಟು ಸಣ್ಣ ಹೊಳಪಿನ ಗೆರೆ ಕಂಡಿತು. ತುದಿ ಬಾಗಿಸಿದ ತಂತಿಯನ್ನು ಒಳಗಿಳಿಸಿ ಗೋಡೆಗೆ ಸವರಿದಳು. ಗೆರೆಯಿದ್ದ ಕಡೆ ತಂತಿ ಒಂದು ಹಳ್ಳಕ್ಕೆ ಸಿಕ್ಕಿಕೊಂಡಿತು. ಇನ್ನೊಂದನ್ನು ನೋಡಿದಳು. ಅದರಲ್ಲೂ ಹಾಗೇ. ಮತ್ತೊಂದರಲ್ಲೂ.

"ಯಾಕೆ ಹಾಗೆ ಕೂತುಬಿಟ್ಟೆ?" ಕಾಲಿಗೆ ಪಟ್ಟಿ ಕಟ್ಟಿಕೊಂಡು ಒರಗಿದ್ದ ಗಂಡ ಗಾರ್ತ್ ಕೇಳಿದ.

"ಹಿತ್ತಾಳೆ ಒಳಗಿಂದ ಸವೆದಿದೆ. ಇನ್ನೊಂದು ಸಲ ಹಾರಿಸಿದ್ರೆ ಬುಡವೇ ಕಿತ್ತು ಬರುತ್ತೆ."

"ಎಸೆದುಬಿಡು ಮತ್ತೆ."

"ಇದರ ಜೊತೆಯವು ನೋಲಾ ಜೇಬಲ್ಲಿವೆ, ಗಾರ್ತ್. ತುಂಬಿದವು."

ಅವನು ಫೋನಿಗೆ ಕೈ ಹಾಕಿದ. ಕರೆ ಹೋಗಲಿಲ್ಲ. ಬೆಟ್ಟದ ಬುಡದ ಬೇಲಿ ದಾಟಿದರೆ ಅಲ್ಲಿ ಯಾರ ಫೋನೂ ಹತ್ತುವುದಿಲ್ಲ.

ಹೆಪ್ಪುಗಟ್ಟಿದ ಗಾಡಿಜಾಡಿನಲ್ಲಿ ಐಡೆಲ್ಲಾಳ ಪಿಕಪ್ ಕುಲುಕಾಡುತ್ತಾ ಏರಿತು. ಕಿಟಕಿ ಇಳಿಸಿಯೇ ಓಡಿಸಿದಳು. ಎಲ್ಲಿ ಗುಂಡಿನ ಸದ್ದು ಕೇಳಿಬಿಡುತ್ತದೋ ಎಂದು ಕಿವಿಯೆಲ್ಲ ಹೊರಗಿತ್ತು. ಫರ್ ಮರಗಳ ಕೆಳಗೆ ನಿಂತಿದ್ದ ನೋಲಾಳ ಗಾಡಿ ತಣ್ಣಗಾಗಿತ್ತು. ಅಲ್ಲಿಂದ ಹಿಮದಲ್ಲಿ ಮೂಡಿದ್ದ ಹೆಜ್ಜೆ ಹಿಡಿದು ನಡೆದಳು. ಏದುಸಿರು ಬಂದರೂ ನಿಲ್ಲಲಿಲ್ಲ. ಬುಡ ಕಿತ್ತರೆ ಬಿಸಿ ಹೊಗೆ ಹಿಂದಕ್ಕೆ, ಕಣ್ಣಿಗೇ ನುಗ್ಗುತ್ತದೆ. ನೋಲಾ ಕನ್ನಡಕ ಹಾಕುವವಳಲ್ಲ.

ದಿಬ್ಬದ ಮೇಲೆ ಬಂದಾಗ ಕೆಳಗಿನ ಬಯಲು ಪೂರ್ತಿ ಕಂಡಿತು. ಎಲ್ಕ್ ಹಿಂಡು ಕಾಡಿನಂಚಿನಿಂದ ಹೊರಬರುತ್ತಿತ್ತು. ಬಲಗಡೆ, ಬಹುದೂರದಲ್ಲಿ, ಬಿದ್ದ ಮರದ ಹಿಂದೆ ಬೇಟೆಗಾರರು ತೊಡುವ ಕಿತ್ತಳೆ ಬಣ್ಣದ ಒಂದು ಚುಕ್ಕೆ. ನೋಲಾ ರೈಫಲ್ ಮರದ ಮೇಲೆ ಊರಿ ಮಲಗಿದ್ದಳು.

"ನೋಲಾ!"

ಗಾಳಿ ಆ ಕೂಗನ್ನು ಅಲ್ಲೇ ನುಂಗಿತು. ಇನ್ನೊಬ್ಬರ ಬೇಟೆ ಕೆಡಿಸುವವರನ್ನು ಆ ಊರಲ್ಲಿ ಯಾರೂ ಮನೆಗೆ ಸೇರಿಸುವುದಿಲ್ಲ. ಆದರೂ ಐಡೆಲ್ಲಾ ತನ್ನ ಕಿತ್ತಳೆ ಜಾಕೆಟ್ ಬಿಚ್ಚಿ, ಆಕಾಶಕ್ಕೆ ಎದ್ದು ಕಾಣುವಂತೆ ದಿಬ್ಬದ ತುದಿಯಲ್ಲಿ ನಿಂತು, ಎರಡೂ ಕೈಯಲ್ಲಿ ಹಿಡಿದು ಬೀಸಿದಳು. ಮುಂದಿದ್ದ ಹೆಣ್ಣು ಎಲ್ಕ್ ತಲೆಯೆತ್ತಿತು. ಹಿಂಡಿಗೆ ಹಿಂಡೇ ತಿರುಗಿ ಓಡಿತು. ಐಡೆಲ್ಲಾ ಬೀಸುತ್ತಲೇ ಇದ್ದಳು. ಓಡುವ ಪ್ರಾಣಿಗೂ ಗುಂಡು ಹೊಡೆಯುವ ಛಲದವಳು ನೋಲಾ.

ಗುಂಡು ಹಾರಲಿಲ್ಲ.

ನೋಲಾ ಹಿಮ ಒದೆಯುತ್ತಾ ಹತ್ತಿ ಬಂದಳು. "ತಲೆ ನೆಟ್ಟಗಿದೆಯೇನೇ ನಿಂಗೆ? ವರ್ಷವೆಲ್ಲ ಕಾದಿದ್ದೆ. ನನ್ನ ಮೇಲಿನ ಹೊಟ್ಟೆಕಿಚ್ಚು ತೀರಿಸ್ಕೊಳ್ಳೋಕೆ ಇವತ್ತೇ ಆಗಬೇಕಿತ್ತಾ?"

"ಬೈಯಿ, ಆಮೇಲೆ. ಮೊದಲು ರೈಫಲ್ ಬೋಲ್ಟ್ ಹಿಂದಕ್ಕೆಳೆದು ತೋಟಾ ಹೊರಗೆ ಹಾಕು."

"ಯಾಕೆ?"

"ಹಾಕು ಅಂದೆ. ಬೆಳಗಿಂದ ಹಾರಿಸಿದ್ದೀಯಾ?"

"ಒಂದು. ತಪ್ಪಿತು." ನೋಲಾ ಕೆನ್ನೆ ಉಜ್ಜಿಕೊಂಡಳು. "ಗಾಳಿ ಕೆನ್ನೆಗೆ ಬಿಸಿಯಾಗಿ ಹೊಡೀತು. ಅದಕ್ಕೇ ಗುರಿ ತಪ್ಪಿರಬೇಕು."

"ಹಿಮದ ಮೇಲೆ ಬಿಸಿಗಾಳಿ ಎಲ್ಲಿಂದ ಬರಬೇಕು, ನೋಲಾ?"

ನೋಲಾ ಜೇಬಿನಿಂದ ಖಾಲಿ ಕವಚ ತೆಗೆದಳು. ಬುಡದಿಂದ ಸ್ವಲ್ಪ ಮೇಲೆ ಅರ್ಧ ಸುತ್ತು ಸೀಳಿಹೋಗಿ, ಸೀಳಿನುದ್ದಕ್ಕೂ ಮಸಿ ಮೆತ್ತಿತ್ತು. ನೋಲಾ ರೈಫಲ್ ಬರಿದು ಮಾಡಿ, ಜೇಬಿನಲ್ಲಿದ್ದುದನ್ನೆಲ್ಲ ಐಡೆಲ್ಲಾಳ ಅಂಗೈಗೆ ಸುರಿದಳು. ಐಡೆಲ್ಲಾ ಒಂದೂ ಬಿಡದೆ ತನ್ನ ಜೇಬಿಗೆ ಹಾಕಿಕೊಂಡಳು.

ಕಾರಣ ಮನೆಗೆ ಬಂದು ಅಳತೆ ಮಾಡಿದಾಗ ತಿಳಿಯಿತು. ನೋಲಾಳದು ಅಪ್ಪನ ಕಾಲದ ರೈಫಲ್. ಅದರಲ್ಲಿ ತೋಟಾ ಕೂರುವ ಗೂಡು ಕೂದಲೆಳೆಯಷ್ಟು ಹೆಚ್ಚು ಉದ್ದ. ಐಡೆಲ್ಲಾ ಅಚ್ಚನ್ನು ಹೊಂದಿಸಿದ್ದು ಗಾರ್ತ್‌ನ ರೈಫಲ್ಲಿಗೆ. ಹಾರಿಸಿದಾಗಲೆಲ್ಲ ನೋಲಾಳ ಕವಚ ಗೂಡಿನ ಉದ್ದಕ್ಕೆ ಹಿಗ್ಗುತ್ತಿತ್ತು. ಅಚ್ಚು ಅದರ ಭುಜವನ್ನು, ಕತ್ತಿನ ಕೆಳಗಿನ ಇಳಿಜಾರನ್ನು, ಅಗತ್ಯಕ್ಕಿಂತ ಹಿಂದಕ್ಕೆ ಒತ್ತುತ್ತಿತ್ತು. ಮರುಸಲ ಮತ್ತೆ ಹಿಗ್ಗಿ ಬುಡದ ಹತ್ತಿರ ತೆಳುವಾಗುತ್ತಿತ್ತು. ತೋಟಾ ಗೂಡಿಗಿಂತ ಗಿಡ್ಡವಾದ್ದರಿಂದಲೇ ಜಾರಿಕೊಂಡು ಹೋಗುತ್ತಿತ್ತು; ಐಡೆಲ್ಲಾ ಜಂಬಪಟ್ಟ ಆ ಸಲೀಸೇ ರೋಗ. ತುಂಬಿದ್ದವನ್ನೆಲ್ಲ ಬಿಚ್ಚಿದಳು, ಕವಚಗಳನ್ನು ಇಕ್ಕಳದಲ್ಲಿ ಜಜ್ಜಿ ಎಸೆದಳು. ಒಂದೊಂದು ರೈಫಲ್ಲಿಗೆ ಬೇರೆ ಡಬ್ಬಿ, ಬೇರೆ ಹೊಂದಿಕೆ ಮಾಡಿಕೊಂಡಳು. ತಂತಿ ಸವರದೆ ಒಂದನ್ನೂ ತುಂಬುವುದಿಲ್ಲವೆಂದು ನಿಶ್ಚಯಿಸಿದಳು.

"ಇನ್ಮೇಲೆ ಅಂಗಡೀಲೇ ತಗೋ," ಎಂದಳು ತಲೆಯೆತ್ತದೆ.

ನೋಲಾ ಕೆನ್ನೆ ಮುಟ್ಟಿಕೊಂಡು ಕಾಫಿ ಕುಡಿಯುತ್ತಿದ್ದಳು. "ಅಂಗಡಿಯವನು ನನ್ನ ಹಿಂದೆ ಬೆಟ್ಟ ಹತ್ತಿ ಬರ್ತಾನಾ?"

ಆ ವರ್ಷ ನೋಲಾಳ ಮನೆಗೆ ಎಲ್ಕ್ ಮಾಂಸ ಬರಲಿಲ್ಲ. ಮರುವರ್ಷ ಅಂಗಡಿಯಿಂದಲೇ ತೋಟಾ ತಂದಳು. ಹಾರಿಸಿದ ಮೇಲೆ ಖಾಲಿ ಕವಚಗಳನ್ನು ಒಂದೂ ಬಿಡದೆ ಹೆಕ್ಕಿ ತಂದು ಐಡೆಲ್ಲಾಳ ಮೇಜಿನ ಮೇಲಿಟ್ಟು, ತಂತಿ ಹಿಡಿಯುವುದು ಹೇಗೆಂದು ಕೇಳಿದಳು.